ಚಪ್ಪಟೆ ತಲೆಯ ಚರೆ

ನಮ್ಮ ಕಡ್ಲೆಕಾಯಿ ಹೊಲದಲ್ಲಿ ಗಿಡ ಕೀಳುವಾಗ ಈಗಲೂ ಒಂದೊಂದು ಸಲ ಬೇರಿನ ಜೊತೆ ಸೀಸದ ಚೂರು ಮೇಲೆ ಬರುತ್ತದೆ. ಹುರುಳಿಕಾಳಿನಷ್ಟು ಅಗಲ, ಒಂದು ಕಡೆ ಚಪ್ಪಟೆ, ಮಣ್ಣಿನಲ್ಲಿದ್ದು ಇದ್ದು ಬೂದಿಯ ಬಣ್ಣ. ಕೀಳುವ ಹೆಂಗಸರು ಕಲ್ಲೆಂದು ಬದಿಗೆಸೆಯುತ್ತಾರೆ. ನಾನು ಕಂಡರೆ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ. ಅವೆಲ್ಲ ನಾನೇ ಹೊಡೆದವು.

ಆ ಹೊಲ ಕೊಣನೂರಿನ ದಾರಿಗೆ ಹತ್ತಿಕೊಂಡಿದೆ. ಕೆರೆಯ ನೀರು ಹತ್ತದ ಕೆಮ್ಮಣ್ಣಿನ ದಿಬ್ಬ, ಎಕರೆಗೆ ತುಸು ಕಡಮೆ. ಮೂಲೆಯಲ್ಲಿ ಒಂದು ಹೊಂಗೆ ಮರ, ಅದರ ನೆರಳಿನಲ್ಲಿ ನಮ್ಮ ಮನೆಯವರ ಗುಡ್ಡೆಗಳು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ತಾತ, ಅಜ್ಜಿ, ಅಪ್ಪ ಎಲ್ಲರೂ ಅಲ್ಲಿದ್ದಾರೆ. ಉಳುವಾಗ ಅಣ್ಣ ಅಲ್ಲಿಗೆ ಬಂದರೆ ನೇಗಿಲು ಎತ್ತಿ, ಎತ್ತುಗಳನ್ನು ಸುತ್ತಿಸಿ ಆಚೆಗೆ ಹೋಗುತ್ತಿದ್ದ. ಅಷ್ಟು ಬಿಟ್ಟರೆ ನಮಗೆ ಅದೂ ಒಂದು ಹೊಲವೇ.

ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನು ಕೊಣನೂರಿನ ಕಡೆ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು, ಇನ್ನೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು. ಅಕ್ಕನನ್ನು ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿದ್ದೆವು. ಆ ದಿಬ್ಬಕ್ಕೆ ಕಡ್ಲೆಕಾಯಿ ಹಾಕುವುದು ಅವ್ವನ ಹಟ. ಕಾಗೆಗಳ ಹಟ ಅವಳದಕ್ಕಿಂತ ದೊಡ್ಡದು. ಬಿತ್ತಿದ ಮಾರನೆಯ ದಿನವೇ ಸಾಲು ಹಿಡಿದು ಬಂದು, ಕೂರಿಗೆ ಹೋದ ಗೆರೆಯ ಮೇಲೆ ನಡೆದು, ಒಂದೊಂದೇ ಬೀಜ ಕೆದಕಿ ತೆಗೆಯುತ್ತಿದ್ದವು. ಬೆರ್ಚಪ್ಪ ನಿಲ್ಲಿಸಿದೆವು; ಅದರ ತಲೆಯ ಮಡಕೆಯ ಮೇಲೆ ಕೂತು ಕೊಕ್ಕು ಉಜ್ಜಿದವು. ಅವ್ವ ಸೀಮೆಎಣ್ಣೆ ಡಬ್ಬ ಬಡಿಯುತ್ತಾ ಬಿಸಿಲಲ್ಲಿ ಕೂತಳು. ಈ ಕಡೆ ಬಡಿದರೆ ಆ ಕಡೆ ಇಳಿದವು. ಒಂದು ವರ್ಷ ಮೂರು ಸಲ ಬೀಜ ಹಾಕಿ, ಕೊನೆಗೆ ಅಣ್ಣ ಆ ಹೊಲವನ್ನು ಹುರುಳಿಗೆ ಬಿಟ್ಟ. ಅವ್ವ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಆ ವರ್ಷವೇ ನನಗೊಂದು ಏರ್‌ಗನ್ ಸಿಕ್ಕಿತು. ಕಾಫಿ ತೋಟದಲ್ಲಿ ರೈಟರಾಗಿದ್ದ ನನ್ನ ಹಳೆಯ ಸಹಪಾಠಿಯೊಬ್ಬ ಕೆಲಸ ಬಿಟ್ಟು ಹೋಗುವಾಗ ನನಗೆ ದಾಟಿಸಿದ್ದು. ನಳಿಗೆಯನ್ನು ಮಂಡಿಗೆ ಒತ್ತಿ ಮಡಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆ. ತೆರೆದ ತೂತಿಗೆ ಒಂದು ಸೀಸದ ಚರೆ ಇಟ್ಟು ನಳಿಗೆ ಮುಚ್ಚಬೇಕು. ಮದ್ದಿಲ್ಲ, ಹೊಗೆಯಿಲ್ಲ, ಗಾಳಿಯದೇ ಕೆಲಸ. ಬಂದೂಕೇನೋ ಬಂತು, ಜೊತೆಗೆ ಬಂದ ಚರೆ ಹತ್ತು ಹನ್ನೆರಡು ಮಾತ್ರ. ಅವು ನೆಟ್ಟಗೆ ಹೋಗುತ್ತಿರಲಿಲ್ಲ. ಬಾಗಿಲಿಗೆ ಗುರಿಯಿಟ್ಟರೆ ಗೋಡೆಗೆ ತಗಲುತ್ತಿತ್ತು.

ಒಂದು ಶನಿವಾರ ಶಾಲೆ ಮುಗಿಸಿ ಅರಕಲಗೂಡಿಗೆ ಬಂದು ಹಾಸನದ ಬಸ್ಸು ಹತ್ತಿದೆ. ಹಾಸನದ ಪೇಟೆಯಲ್ಲಿ ಒಬ್ಬ ವಯಸ್ಸಾದ ಸಾಬರ ಅಂಗಡಿಯಿತ್ತು. ಮುಂದುಗಡೆ ಸೈಕಲ್ ಟೈರು, ಲಾಟೀನಿನ ಗಾಜು, ಹಿಂದುಗಡೆ ಗಾಜಿನ ಕಪಾಟಿನಲ್ಲಿ ಚರೆ. ನಾನು ಒಂದು ಡಬ್ಬಿ ಕೊಡಿ ಅಂದೆ. ಅವರು ಕೊಡಲಿಲ್ಲ.

"ಏನ್ ಹೊಡಿಯೋಕೆ ಸಾ?"

"ಹಕ್ಕಿ."

"ಹಕ್ಕಿ ಅಂದ್ರೆ? ಗಿಣೀನೂ ಹಕ್ಕೀನೇ, ನವಿಲೂ ಹಕ್ಕೀನೇ."

ಕಾಗೆ ಅನ್ನಲು ನಾಲಗೆ ತಡೆಯಿತು, ಆದರೂ ಅಂದೆ. ಅವರು ಒಂದು ಬಿಳಿ ಕಾಗದ ಹಾಸಿ ಅದರ ಮೇಲೆ ಮೂರು ಥರದ ಚರೆ ಸುರಿದರು. ಮೂರೂ ನಡುವಿನಲ್ಲಿ ಸಣ್ಣಗೆ, ಎರಡು ಕಡೆ ದಪ್ಪ, ಬುಡುಬುಡಿಕೆಯವನ ಕೈಯ ವಾದ್ಯವನ್ನೇ ಕಾಳಿನಷ್ಟು ಮಾಡಿದ ಹಾಗಿದ್ದವು. ಹಿಂಭಾಗ ಟೊಳ್ಳು, ಗಾಳಿ ಅಲ್ಲಿ ತುಂಬಿಕೊಂಡು ನೂಕುತ್ತದೆ. ವ್ಯತ್ಯಾಸವೆಲ್ಲ ತಲೆಯಲ್ಲಿ. ಚೂಪು ತಲೆಯದನ್ನು ಬೆರಳಿನಿಂದ ತಳ್ಳಿ ಹೇಳಿದರು: "ಇದು ಒಳಗೆ ಹೋಗಿ ಆಚೆ ಬರ್ತದೆ. ಹೆಗ್ಗಣಕ್ಕೆ ಸರಿ. ಹಕ್ಕಿಗೆ ಹೊಡೆದ್ರೆ ಅದು ಹಾರಿ ಎಲ್ಲೋ ಹೋಗಿ ಸಾಯ್ತದೆ, ನಿಮಗೆ ಗೊತ್ತೂ ಆಗಲ್ಲ." ಗುಂಡು ತಲೆಯದು ದೂರಕ್ಕೆ ನೇರವಾಗಿ ಹೋಗುತ್ತದಂತೆ. ಚಪ್ಪಟೆ ತಲೆಯದು ಹತ್ತಿರಕ್ಕೆ ಮಾತ್ರ. "ಇದು ಚುಚ್ಚಲ್ಲ ಸಾ, ಕೆನ್ನೆಗೆ ಬಾರಿಸ್ದಂಗೆ ಬಾರಿಸ್ತದೆ. ಹತ್ತಿರದಿಂದ ಹೊಡೆದ್ರೆ ಇದ್ದಲ್ಲೇ ಬೀಳ್ತದೆ. ದೂರದಿಂದ ಹೊಡೆದ್ರೆ ಬರೀ ಪೆಟ್ಟು."

ಆಮೇಲೆ ಒಂದು ಗಾಜಿನ ಚೂರಿನ ಮೇಲೆ ಒಂದೊಂದೇ ಚರೆಯನ್ನು ಉರುಳಿಸಿ ತೋರಿಸಿದರು. ಹಿಂಭಾಗದ ಅಂಚು ಸೊಟ್ಟಗಿದ್ದರೆ ಅದು ಕುಂಟುತ್ತಾ ಹೋಗುತ್ತದೆ. ಸರಿಯಿದ್ದರೆ ಒಂದೇ ಸಮನೆ ಬಿಲ್ಲಿನ ಹಾಗೆ ಬಾಗಿ ತಿರುಗುತ್ತದೆ. ನನ್ನ ಹಳೆಯವು ಗೋಡೆಗೆ ಹೋದದ್ದು ಅದಕ್ಕೇ. ಹಳೆಯ ಸೀಸ ಕರಗಿಸಿ ಮನೆಯಲ್ಲಿ ಮಾಡಿಕೊಂಡದ್ದನ್ನು ಹಾಕಬೇಡಿ, ಡಬ್ಬಿಯನ್ನು ಕುಲುಕಿಸಬೇಡಿ, ಒದ್ದೆಗೆ ಇಡಬೇಡಿ ಅಂದರು. ನಾನು ಪರೀಕ್ಷೆಗೆ ಕೂತ ಹುಡುಗನ ಹಾಗೆ ತಲೆಯಾಡಿಸಿದೆ.

ಮೂರರಲ್ಲೂ ಸ್ವಲ್ಪ ಸ್ವಲ್ಪ ಕಟ್ಟಿಸಿಕೊಂಡೆ. ಯಾವುದು ಬೇಕೆಂದು ಹೇಳಲು ನನ್ನಿಂದ ಆಗಲಿಲ್ಲ, ಮನೆಯಲ್ಲಿ ಅವ್ವನನ್ನು ಕೇಳಬೇಕಿತ್ತು. ಹಾಗೆಂದು ಹೇಳಿದ್ದಕ್ಕೆ ಸಾಬರು ನಗಲಿಲ್ಲ. "ಕೇಳಿ. ಆದ್ರೆ ಕಾಗೆಗೆ ಹೊಡೆಯೋದಾದ್ರೆ ಪೂರಾ ಹೊಡೀರಿ, ಇಲ್ಲಾ ಬಿಟ್ಬಿಡಿ. ಅರ್ಧ ಹೊಡೆದ ಕಾಗೆ ನಿಮ್ ಮುಖ ಮರೆಯಲ್ಲ" ಅಂದರು. ವ್ಯಾಪಾರದ ಮಾತು ಅಂದುಕೊಂಡೆ.

ಅವ್ವ ಬಂದೂಕು ನೋಡಿ ಎದೆ ಮುಟ್ಟಿಕೊಂಡಳು. "ಕಾಗೆ ಕೊಲ್ಲಬ್ಯಾಡ ಕಣ್ಲಾ. ಹಿರೀಕ್ರು ಕಣ್ಲಾ ಅವು. ನಿಮ್ಮಪ್ಪ ಯಾವ ಕಾಗೆಯಾಗಿ ಬಂದು ಕೂತವ್ನೋ ಯಾರಿಗ್ಗೊತ್ತು?"

"ಅಪ್ಪ ಆಗಿದ್ರೆ ನಮ್ಮ ಬೀಜಾನೇ ಕಿತ್ತು ತಿಂತಿದ್ನಾ?" ಅಂದೆ.

"ಬದುಕಿದ್ದಾಗ್ಲೂ ಬಿತ್ತನೆ ಬೀಜ ಉರ್ಕಂಡು ತಿಂದೋನೇ ನಿಮ್ಮಪ್ಪ" ಅಂದಳು. ಅತ್ತಿಗೆ ಒಲೆಯ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಕೊನೆಗೆ ಅವ್ವನೇ ತೀರ್ಮಾನ ಕೊಟ್ಟಳು. ಬೀಜ ಉಳಿಯಬೇಕು, ಕಾಗೆ ಸಾಯಕೂಡದು. ನೋವು ಮಾಡಿ ಓಡಿಸು. ಹಾಗಾಗಿ ನಾನು ಮೂರೂ ಥರವನ್ನು ಹಿತ್ತಲಿನಲ್ಲಿ ಪರೀಕ್ಷೆ ಮಾಡಿದೆ. ಒದ್ದೆ ಗೋಣಿಚೀಲ ನೇತುಹಾಕಿ, ಹತ್ತು ಮಾರು, ಇಪ್ಪತ್ತು ಮಾರು, ಮೂವತ್ತು ಮಾರಿನಿಂದ ಹೊಡೆದು, ಶಾಲೆಯ ಹಳೆಯ ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟೆ. ಚೂಪು ತಲೆ ಮೂವತ್ತು ಮಾರಿನಲ್ಲೂ ಚೀಲ ದಾಟಿತು. ಗುಂಡು ತಲೆ ಒಂದು ಪದರ ಹರಿಯಿತು. ಚಪ್ಪಟೆ ತಲೆ ಮೂವತ್ತು ಮಾರಿನಲ್ಲಿ ಚೀಲಕ್ಕೆ ಬಡಿದು, ಹರಿಯದೆ, ಕೆಳಗೆ ಬಿತ್ತು. ಅದನ್ನೇ ಆರಿಸಿದೆ. ಆರಿಸಿದಾಗ ನನ್ನ ಬಗ್ಗೆ ನನಗೆ ಸಮಾಧಾನವಿತ್ತೆಂದು ನೆನಪು. ಹಿಂಸೆಯೂ ಆಗದ, ನಷ್ಟವೂ ಆಗದ ದಾರಿಯೊಂದು ಸಿಕ್ಕಿತಲ್ಲ ಎಂದು. ತಿಂಗಳಿಗೊಮ್ಮೆ ಹಾಸನದಿಂದ ಚಪ್ಪಟೆ ತಲೆಯವನ್ನೇ ತಂದು, ಗಾಜಿನ ಮೇಲೆ ಉರುಳಿಸಿ, ಸೊಟ್ಟವನ್ನು ಬೇರೆ ಮಾಡಿ, ಅವ್ವನ ಹಳೆಯ ಹಿತ್ತಾಳೆ ಸುಣ್ಣದ ಡಬ್ಬಿ ತೊಳೆದು ಒಣಗಿಸಿ ಅದರಲ್ಲಿಡುತ್ತಿದ್ದೆ.

ಹೊಂಗೆ ಮರದ ಬುಡದಲ್ಲಿ, ಅಪ್ಪನ ಗುಡ್ಡೆಗೆ ಒರಗಿ ಕೂರುತ್ತಿದ್ದೆ. ನೆರಳಿದ್ದದ್ದು ಅಲ್ಲಿ ಮಾತ್ರ. ಮೂವತ್ತು ಮಾರಿಗಿಂತ ಹತ್ತಿರ ಇಳಿದವಕ್ಕೆ ಹೊಡೆಯುತ್ತಿರಲಿಲ್ಲ. ಪೆಟ್ಟು ತಿಂದ ಕಾಗೆ ಒಂದು ಬಗೆಯಾಗಿ ಕೂಗುತ್ತದೆ. ಎರಡು ಹೆಜ್ಜೆ ಕುಪ್ಪಳಿಸಿ, ರೆಕ್ಕೆ ಇಳಿಬಿಟ್ಟು, ಆಮೇಲೆ ಎದ್ದು ಹೋಗುತ್ತದೆ. ಮಿಕ್ಕವು ಕೆರೆಯ ಏರಿಯ ಮೇಲಿನ ಆಲದ ಮರದಲ್ಲಿ ಗುಂಪಾಗಿ ಅರ್ಧ ಗಂಟೆ ಕೂಗಾಡುತ್ತಿದ್ದವು. ಒಂದೂ ಸಾಯಲಿಲ್ಲ. ಎರಡು ಬಿತ್ತನೆ ಕಳೆಯುವ ಹೊತ್ತಿಗೆ ಆ ದಿಬ್ಬದ ಮೇಲೆ ಕಾಗೆ ಇಳಿಯುವುದೇ ನಿಂತಿತು. ಬಂದೂಕಿಲ್ಲದೆ ಕೊಡೆ ಹಿಡಿದು ಹೋದರೂ ಆಲದ ಮರದಿಂದ ಕೂಗು ಏಳುತ್ತಿತ್ತು.

"ನಿನ್ ಮಕ ಕಂಡ್ರೆ ಇಸ್ಕೂಲ್ ಮಕ್ಳು ಓಡ್ತವಲ್ಲ, ಅಂಗೇ ಕಾಗೇನೂ ಕಲ್ತವೆ" ಎಂದು ಅವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಆ ವರ್ಷದ ಕಡ್ಲೆಕಾಯಿಯನ್ನು ಅಕ್ಕನ ಮನೆಗೂ ಒಂದು ಚೀಲ ಕಳಿಸಿದಳು.

ಪಿತೃಪಕ್ಷದಲ್ಲಿ ಹಿರಿಯರ ಎಡೆಯನ್ನು ನಾವು ಮನೆಯ ಹೆಂಚಿನ ಮೇಲೆ ಇಡುವುದು. ಮನೆಯ ಹತ್ತಿರ ನಾನು ಎಂದೂ ಹೊಡೆದವನಲ್ಲ. ಅಲ್ಲಿನ ಕಾಗೆಗಳು ಮಾಮೂಲಿನಂತೆ ಬಂದು ತಿಂದವು. ಹಾಗಾಗಿ ಬರಬೇಕಾದ ಯೋಚನೆ ನನಗೆ ಬರಲೇ ಇಲ್ಲ.

ಮೂರನೆಯ ವರ್ಷ ಅವ್ವನಿಗೆ ಕಾಲು ಊದಿಕೊಂಡಿತು. ಆಮೇಲೆ ಮುಖ. ಹಾಸನದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಬೆರಳಿನಿಂದ ಕಾಲು ಒತ್ತಿದರು, ಗುಳಿ ಬಿದ್ದದ್ದು ಹಾಗೇ ಇತ್ತು. ಉಪ್ಪು ಮುಟ್ಟಿಸಬೇಡಿ, ಒಂದು ಹರಳೂ ಬೇಡ ಎಂದರು. ಆ ಮಾತನ್ನು ಮನೆಗೆ ತಂದು ಅತ್ತಿಗೆಗೆ ಒಪ್ಪಿಸಿದವನು ನಾನು. ನಾನು ಬೆಳಗ್ಗೆ ಶಾಲೆಗೆ ಹೋಗುತ್ತಿದ್ದೆ, ಅಣ್ಣ ಹೊಲಕ್ಕೆ. ಆ ಮಾತನ್ನು ಮೂರು ತಿಂಗಳು ದಿನವಿಡೀ ಕಾಯ್ದವಳು ಅತ್ತಿಗೆ.

ಅವ್ವನ ಪ್ರಾಣವೆಲ್ಲ ಉಪ್ಸಾರಿನಲ್ಲಿತ್ತು. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೆ ಉಪ್ಪು ಹಾಕಿ, ಮೇಲೆ ಖಾರ ಕದಡಿಕೊಂಡು ಮುದ್ದೆ ಅದ್ದಿ ನುಂಗಬೇಕು. ಉಪ್ಪಿಲ್ಲದಿದ್ದರೆ ಅದು ಬರೀ ಸೊಪ್ಪಿನ ನೀರು. ಮೊದಲ ದಿನ ಅವ್ವ ತಟ್ಟೆ ತಳ್ಳಿದಳು. ಎರಡನೆಯ ವಾರ ಕಿಟಕಿಯ ಹತ್ತಿರ ತೆವಳಿ ಬೀದಿಗೆ ಕೇಳುವ ಹಾಗೆ ಕೂಗಿದಳು.

"ನೋಡ್ರವ್ವಾ, ನನ್ ಸೊಸೆ ನಂಗೆ ಒಂದ್ ಅಳ್ಳು ಉಪ್ಪು ಆಕಲ್ಲ ಕಣ್ರವ್ವಾ! ನಾನೇ ಕಟ್ಟಿದ್ ಮನೇಲಿ!"

ಅತ್ತಿಗೆ ಉಪ್ಪಿನ ಮಡಕೆಯನ್ನು ಅಟ್ಟಕ್ಕೆ ಏರಿಸಿದ್ದಳು. ಅವ್ವ ರೇಗಿದಾಗ ತಿರುಗಿ ಮಾತಾಡದೆ ಕಾಲು ತೊಳೆದು, ಬಟ್ಟೆ ಬದಲಿಸಿ, ಮತ್ತೆ ತುತ್ತು ಹಿಡಿಯುತ್ತಿದ್ದಳು. ಒಂದು ಸಂಜೆ ನಾನು ಬಂದಾಗ ಅವ್ವ ಅವಳ ಕೈ ಹಿಡಿದುಕೊಂಡು ಮಗುವಿನ ಹಾಗೆ ಕೇಳುತ್ತಿದ್ದಳು: "ಒಂದೇ ಒಂದ್ ಅಳ್ಳು ಕಣವ್ವ. ಯಾರ್ಗೂ ಏಳಲ್ಲ." ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ.

ಅವ್ವ ಹೋದದ್ದು ಒಂದು ಮಧ್ಯಾಹ್ನ. ಅಪ್ಪನ ಗುಡ್ಡೆಯ ಪಕ್ಕದಲ್ಲೇ ಮಣ್ಣು ಮಾಡಿದೆವು.

ಮೂರನೆಯ ದಿನ ಹಾಲು ತುಪ್ಪ. ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆಯಿಟ್ಟು, ಎಲ್ಲರೂ ದೂರ ಸರಿದು ಕಾಯಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರು ತೃಪ್ತರಾಗಿ ಹೋದರು ಎಂದರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಮುದ್ದೆ, ಉಪ್ಸಾರು, ವಡೆ, ಕಜ್ಜಾಯ, ಹುರಿದ ಕಡ್ಲೆಕಾಯಿ, ಎಲೆಯಡಿಕೆ ಎಲ್ಲ ಅತ್ತಿಗೆಯೇ ಮಾಡಿ ಹೊತ್ತು ತಂದಿದ್ದಳು. ಎಡೆಯಿಟ್ಟು ನಾವು ಐವತ್ತು ಅರವತ್ತು ಜನ ಬದುವಿನ ಆಚೆ ಹೋಗಿ ನಿಂತೆವು.

ಕಾಗೆಗಳಿದ್ದವು. ಏರಿಯ ಆಲದ ಮರದಲ್ಲಿ ಹತ್ತಿಪ್ಪತ್ತು ಕೂತಿದ್ದವು. ಒಂದೂ ಅಲುಗಲಿಲ್ಲ.

ಬಿಸಿಲೇರಿತು. ಕುಲದಲ್ಲಿ ಹಿರಿಯರಾದ ದೊಡ್ಡಪ್ಪ ಮುಂದೆ ಬಂದು ಗುಡ್ಡೆಗೆ ಕೈ ಮುಗಿದರು. "ಏನವ್ವ ನಿನ್ ಆಸೆ? ಕಿರೀ ಮಗನ್ ಮದ್ವೆ ನೋಡ್ಲಿಲ್ಲ ಅಂತ್ಲಾ? ನಾವ್ ನಿಂತ್ ಮಾಡ್ತೀವಿ, ಬಾ." ಕಾಗೆ ಬರಲಿಲ್ಲ. ಅಣ್ಣ ಈ ಹೊಲ ಎಂದೂ ಮಾರುವುದಿಲ್ಲ ಎಂದ. ಬರಲಿಲ್ಲ. ಅಕ್ಕ ಒಡಹುಟ್ಟಿದವರನ್ನು ಬಿಡುವುದಿಲ್ಲ ಎಂದಳು. ಆಗಲೂ ಇಲ್ಲ. ನನಗೆ ಆ ಹೊತ್ತಿಗಾಗಲೇ ಗೊತ್ತಾಗಿತ್ತು. ಆಲದ ಮರದ ಕಡೆ ನಾನು ಒಮ್ಮೆ ಮುಖ ಎತ್ತಿದ್ದೆ ಅಷ್ಟೇ, ಅಲ್ಲಿಂದ ಆ ಹಳೆಯ ಕೂಗು ಎದ್ದಿತ್ತು. ಅದು ನನ್ನನ್ನು ಕಂಡಾಗಿನ ಕೂಗು.

ಆಗ ಅಕ್ಕ ಹೇಳಿದಳು. ಬೈದು ಹೇಳಲಿಲ್ಲ, ಅಳುತ್ತಾ ಹೇಳಿದಳು. "ಉಪ್ಪು ಉಪ್ಪು ಅಂತಾನೇ ಜೀವ ಬುಟ್ಲಲ್ಲಪ್ಪ ನಮ್ಮವ್ವ. ಇನ್ಯಾವ ಆಸೆ ಉಡುಕ್ತೀರಿ?"

ಎಲ್ಲರ ಮುಖವೂ ಅತ್ತಿಗೆಯ ಕಡೆ ತಿರುಗಿತು. ಕಿಟಕಿಯ ಕೂಗನ್ನು ಬೀದಿಯೆಲ್ಲ ಕೇಳಿತ್ತು. ಯಾರೋ ಒಬ್ಬ ಹೆಂಗಸು, "ಕೊಟ್ಟಿದ್ರೆ ಏನ್ ಗಂಟು ಓಯ್ತಿತ್ತು? ಎಂಗೂ ಓಗೋ ಜೀವ" ಅಂದಳು. ದೊಡ್ಡಪ್ಪ ಅತ್ತಿಗೆಗೆ ಹೇಳಿದರು: "ಓಗವ್ವ. ನಿನ್ ಕೈಯಾರ ಉಪ್ಪು ಬಡ್ಸು. ತಪ್ಪಾಯ್ತು ಅನ್ನು."

ಡಾಕ್ಟರು ಹೇಳಿದ್ದು, ನಾನು ತಂದ ಮಾತು ಅದು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ನಾನು ಹೇಳಬೇಕಿತ್ತು. ಅದರ ಜೊತೆ ಇನ್ನೊಂದನ್ನೂ ಹೇಳಬೇಕಿತ್ತು. ಮೇಷ್ಟ್ರು ಎಂದು ಊರು ಕರೆಯುವವನು, ಹೆತ್ತಪ್ಪನ ಗುಡ್ಡೆಗೆ ಒರಗಿ ಕೂತು ಹಿರೀಕರ ಕಾಗೆಗೆ ಚರೆ ಹೊಡೆದೆ ಎಂದು ಅರವತ್ತು ಜನರ ಮುಂದೆ ಹೇಳಬೇಕಿತ್ತು. ನಾನು ಗುಂಪಿನಲ್ಲೇ ನಿಂತಿದ್ದೆ. ಅತ್ತಿಗೆ ಯಾರೋ ಓಡಿ ತಂದ ಉಪ್ಪನ್ನು ಬೊಗಸೆಯಲ್ಲಿ ಹಿಡಿದು ಹೋಗಿ ಎಡೆಯ ಮೇಲೆ ಸುರಿದಳು. ಹಸಿ ಮಣ್ಣಿಗೆ ಹಣೆ ಹಚ್ಚಿ ಮಲಗಿದಳು. ಎದ್ದು ಬಂದಾಗ ಹಣೆಯಲ್ಲಿ ಕೆಮ್ಮಣ್ಣಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

ಕಾಗೆ ಬರಲಿಲ್ಲ. ಹೊತ್ತು ಮೀರಿತೆಂದು ಎಡೆಯನ್ನು ಹಸುವಿಗೆ ಹಾಕಿದರು. ಉಪ್ಪು ಅಷ್ಟಾದ್ದರಿಂದ ಹಸುವೂ ಮೂಸಿ ಬಿಟ್ಟಿತು. ಅದನ್ನೂ ಜನ ಆಡಿಕೊಂಡರು.

ಅಂದು ಸಂಜೆಯಿಂದ ಅತ್ತಿಗೆ ಉಪ್ಪು ಬಿಟ್ಟಳು. ಯಾರಿಗೂ ಹೇಳದೆ, ಸಾರಿಗೆ ಉಪ್ಪು ಬೀಳುವ ಮುಂಚೆ ತನ್ನ ಪಾಲನ್ನು ಒಂದು ಕುಡಿಕೆಗೆ ಎತ್ತಿಟ್ಟುಕೊಳ್ಳುತ್ತಿದ್ದಳು. ನನಗೆ ಗೊತ್ತಾದದ್ದು ಒಂದು ವಾರದ ಮೇಲೆ. ಅವಳು ಒಬ್ಬಳೇ ರಾಗಿ ಬೀಸುತ್ತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿದೆ. ಸಾಬರು ಹೇಳಿದ್ದು, ಚಪ್ಪಟೆ ತಲೆ ಯಾಕೆ ಆರಿಸಿದೆ ಅನ್ನುವುದು, ಮೂವತ್ತು ಮಾರಿನ ಲೆಕ್ಕ, ಆಲದ ಮರದ ಕೂಗು.

"ಕಾಗೆ ಬರದೆ ಇದ್ದಿದ್ದು ನನ್ನಿಂದ ಅತ್ಗೆ. ನಿಮ್ಮ ಉಪ್ಪಿಂದ ಅಲ್ಲ."

ಬೀಸುವ ಕಲ್ಲು ನಿಂತಿತು.

"ಇರ್ಬೌದು ಮೇಷ್ಟ್ರಪ್ಪ. ನಿನ್ ಬಂದೂಕಾನೇ ಇರ್ಬೌದು. ಆದ್ರೆ ಅತ್ತೆ ನನ್ ಕೈ ಇಡ್ಕಂಡು ಉಪ್ಪು ಕೇಳಿದ್ದು ಸುಳ್ಳಾ?"

ಮತ್ತೆ ಕಲ್ಲು ತಿರುಗಿಸಿದಳು.

ಬಂದೂಕನ್ನು ಅಟ್ಟಕ್ಕೆ ಹಾಕಿದೆ. ಆದರೆ ಮಾತಿನಲ್ಲಿ ಒಪ್ಪದ್ದನ್ನು ಕಣ್ಣಿಗೆ ಕಾಣಿಸಿದರೆ ಒಪ್ಪಿಯಾಳು ಎಂಬ ಆಸೆ ನನಗಿತ್ತು. ವರ್ಷದ ತಿಥಿಗೆ ಮತ್ತೆ ಗುಡ್ಡೆಯ ಮೇಲೆ ಎಡೆಯಿಡಬೇಕು. ಆ ದಿನ ನಾನು ಹೊಲದ ಹತ್ತಿರ ಸುಳಿಯಬಾರದು. ಆಗ ಕಾಗೆ ಬರುತ್ತದೆ. ಬಂದರೆ ಕಾರಣ ನಾನೇ ಎಂದು ರುಜುವಾಗುತ್ತದೆ. ವರ್ಷವಿಡೀ ಆ ದಿಬ್ಬಕ್ಕೆ ಕಾಲಿಡಲಿಲ್ಲ. ತಿಥಿಯ ದಿನ ಹೊಳೆನರಸೀಪುರದಲ್ಲಿ ಇಲಾಖೆಯ ಕೆಲಸವಿದೆ ಎಂದು ಅಣ್ಣನಿಗೆ ಸುಳ್ಳು ಹೇಳಿ, ಬೆಳಗಿನ ಬಸ್ಸಿಗೆ ಹೊರಟುಹೋದೆ. ಅಲ್ಲಿ ಹೇಮಾವತಿಯ ದಡದಲ್ಲಿ ಸುಮ್ಮನೆ ಕೂತೆ. ನೀರಿನ ಅಂಚಿನಲ್ಲಿ ಕಾಗೆಗಳು ನನ್ನ ಪಕ್ಕಕ್ಕೇ ಬಂದು ಕುಪ್ಪಳಿಸಿದವು. ಅವಕ್ಕೆ ನಾನು ಯಾರೋ.

ಸಂಜೆ ಮನೆಗೆ ಬಂದಾಗ ಜಗುಲಿಯಲ್ಲಿ ದೊಡ್ಡಪ್ಪ ಎಲೆಯಡಿಕೆ ಹಾಕುತ್ತಿದ್ದರು. ನನ್ನನ್ನು ಕಂಡೊಡನೆ, "ಬಂದ್ಯಾ? ಇವತ್ತು ಇರ್ಬೇಕಿತ್ತು ಕಣ್ಲಾ ನೀನು! ಎಡೆ ಇಟ್ಟು ಇನ್ನೂ ಬದ ದಾಟಿಲ್ಲ, ಎರಡು ಕಾಗೆ ಬಂದು ಇಳುದ್ಬುಟ್ವು" ಅಂದರು.

ನನ್ನ ಎದೆ ಹಗುರವಾಯಿತು. ಈಗ ಎಲ್ಲರ ಮುಂದೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು ನನ್ನ ತೋಳು ಹಿಡಿದಳು. ಅವಳ ಮುಖದಲ್ಲಿ ವರ್ಷದ ಹಿಂದಿನ ಕಹಿ ಇರಲಿಲ್ಲ.

"ಅತ್ಗೆ ಒಂದ್ ವರ್ಷದಿಂದ ಉಪ್ಪು ಮುಟ್ಟಿಲ್ವಂತೆ ಕಣೋ. ಅಣ್ಣ ಇವತ್ ಏಳಿದ. ಅವ್ವ ಅದಕ್ಕೇ ಒಪ್ಕಂಡು ಬಂದವ್ಳೆ. ನಾನು ಅತ್ಗೆ ಕಾಲಿಗೆ ಬಿದ್ದೆ."

ನಾನು ಹೇಳಿದೆ. ಹೇಳಲಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ, ಜಗುಲಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬಂದೂಕು, ಚರೆ, ಇವತ್ತು ಬೇಕೆಂದೇ ದೂರ ಹೋಗಿದ್ದದ್ದು. ದೊಡ್ಡಪ್ಪ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ, "ಅಲ್ಲಪ್ಪ ಮೇಷ್ಟ್ರೇ, ಸತ್ತೋರು ಬರೋದು ಬುಡೋದು ನಿನ್ ಸೀಸದ್ ಕಾಳ್ ಕೇಳ್ಕಂಡಾ? ಅತ್ಗೆ ಮ್ಯಾಲೆ ಮಮಕಾರ ನಿಂಗೆ, ಅದುಕ್ಕೆ ಅಂಗಂತೀಯ. ಒಳ್ಳೇದೇ" ಎಂದು ನನ್ನ ಬೆನ್ನು ತಟ್ಟಿದರು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು.

ನಾನು ಅಡುಗೆಮನೆಗೆ ಹೋದೆ. ಅತ್ತಿಗೆ ನನಗೆ ಮಣೆ ಹಾಕಿ ಮುದ್ದೆ ಬಡಿಸಿದಳು. ಮುಖ ಹಿಂದೆಂದೂ ಇಲ್ಲದಷ್ಟು ಶಾಂತವಾಗಿತ್ತು. ಇನ್ನು ಸಾಕು, ಉಪ್ಪು ತಿನ್ನಿ ಅತ್ಗೆ ಎಂದೆ.

"ಎಂಗ್ ತಿನ್ಲಪ್ಪ ಇನ್ನು? ಒಪ್ಕಂಡವ್ಳೆ ಅಂತ ಗೊತ್ತಾದ್ಮೇಲೆ ಬುಟ್ಬುಡಾಕ್ ಆಯ್ತದಾ?" ಅಂದಳು.

ಅವಳು ಮುಂದೆ ಬದುಕಿದ್ದಷ್ಟು ಕಾಲವೂ ಉಪ್ಪು ತಿನ್ನಲಿಲ್ಲ. ನನ್ನ ಮದುವೆಯ ದಿನವೂ ತನ್ನ ಎಲೆಗೆ ಬೇರೆ ಕುಡಿಕೆಯಿಂದ ಬಡಿಸಿಕೊಂಡಳು. ನಾನು ವರ್ಷವರ್ಷವೂ ಅವ್ವನ ತಿಥಿಗೆ ಊರು ಬಿಟ್ಟು ಹೋದೆ, ಕಾಗೆ ವರ್ಷವರ್ಷವೂ ಬಂತು.

ಅವಳು ಹೋಗುವ ಹಿಂದಿನ ವರ್ಷ, ಕಡ್ಲೆಕಾಯಿ ಕೀಳುವಾಗ ಸಿಕ್ಕಿತೆಂದು ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಚಪ್ಪಟೆ ಚೂರು ನನ್ನ ಅಂಗೈಗೆ ಹಾಕಿದಳು. "ಇದು ನಿಂದೇ ಅಲ್ವಾ ಮೇಷ್ಟ್ರಪ್ಪ" ಅಂದಳು. ಅದನ್ನು ಸುಣ್ಣದ ಡಬ್ಬಿಗೆ ಹಾಕಿ ಮುಚ್ಚಿದೆ. ಅವಳ ಹಾಲು ತುಪ್ಪದ ದಿನ ಯಾರೂ ಹೇಳದಿದ್ದರೂ ನಾನು ಬೆಳಗಿನ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದೆ. ಅವಳ ಎಡೆಯನ್ನು ನಾನು ನೋಡಲಿಲ್ಲ.